ಸಿಕ್ಕಿಕೊಂಡ ಖಾಲಿ ತೋಟಾ: ಕೆನಡಾದ ಸ್ವದೇಶಿ ರೈಫಲ್ ಕೈಕೊಟ್ಟ ಕತೆ

(ಇತಿಹಾಸ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಸಂಚಿಕೆ ಒಂದು ರೈಫಲ್ ಬಗ್ಗೆ. ಆದರೆ ಇದು ಗುಂಡು ಎಷ್ಟು ದೂರ ಹೋಯ್ತು, ಎಷ್ಟು ಜನರನ್ನ ಉರುಳಿಸ್ತು ಅನ್ನೋ ಕತೆ ಅಲ್ಲ. ಗುಂಡು ಹಾರಿಹೋದ ಮೇಲೆ ರೈಫಲ್ ಒಳಗೇ ಉಳಿಯುವ ಖಾಲಿ ಹಿತ್ತಾಳೆ ಕೊಳವೆ ಇದೆಯಲ್ಲ, ಅದರ ಕತೆ. ಅದು ಹೊರಗೆ ಬರಬೇಕಿತ್ತು, ಬರಲಿಲ್ಲ. ಅಷ್ಟೇ ಆಗಿದ್ದು. ಆ ಅಷ್ಟರಿಂದಲೇ ಒಂದು ದೇಶದ ಸೇನೆ, ಸಚಿವರು, ಸೇನಾಪತಿ, ಕಾರ್ಖಾನೆ ಎಲ್ಲ ಅಲುಗಾಡಿಹೋಯ್ತು.

1915ರ ಏಪ್ರಿಲ್ 24. ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಕಂದಕಗಳಲ್ಲಿ ಕೆನಡಾದ ಸೈನಿಕರಿದ್ದಾರೆ. ಎದುರಿಂದ ಜರ್ಮನ್ನರು ಬಿಟ್ಟ ಕ್ಲೋರಿನ್ ಅನಿಲ ಹಸಿರು-ಹಳದಿ ಮೋಡದ ಹಾಗೆ ತೆವಳಿಕೊಂಡು ಬರ್ತಿದೆ. ಮಾಸ್ಕ್ ಇಲ್ಲ. ಒದ್ದೆ ಬಟ್ಟೆ ಮೂಗಿಗೆ ಒತ್ತಿಕೊಂಡಿದ್ದಾರೆ. ಅನಿಲದ ಹಿಂದೆಯೇ ಜರ್ಮನ್ ಪದಾತಿದಳ. ಸೈನಿಕ ಒಂದು ಗುಂಡು ಹಾರಿಸ್ತಾನೆ, ಎರಡು, ಹತ್ತು. ಆಮೇಲೆ ರೈಫಲ್‌ನ ಬೋಲ್ಟ್ ಹಿಂದಕ್ಕೆ ಬರಲ್ಲ. ಕೈಯಲ್ಲಿ ಎಳೆದ, ಬರಲಿಲ್ಲ. ಹಿಡಿಕೆ ನೆಲಕ್ಕಿಟ್ಟು ಬೂಟುಗಾಲಲ್ಲಿ ಒದ್ದ. ಕಂದಕ ತೋಡುವ ಸಲಿಕೆಯ ಹಿಡಿಯಿಂದ ಬಡಿದ. ಪ್ರತಿ ಗುಂಡಿಗೂ ಇದೇ ಪಾಡು.

ಆ ರೈಫಲ್ ಹಳೇ ಕಾಲದ್ದಲ್ಲ, ಕಳಪೆ ಬೆಲೆಯದ್ದೂ ಅಲ್ಲ. ಗುರಿ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದ ರೈಫಲ್ ಅದು. ಕೆನಡಾ ತನ್ನ ನೆಲದಲ್ಲೇ ತಾನೇ ತಯಾರಿಸಿಕೊಂಡ ಹೆಮ್ಮೆಯ ರಾಸ್ ರೈಫಲ್. ಹಾಗಾದ್ರೆ ತಪ್ಪಿದ್ದು ಎಲ್ಲಿ?

ಬಾಗಿಲ ಬೋಲ್ಟ್ ಮತ್ತು ಹಿತ್ತಾಳೆ ಕೊಳವೆ

ಕತೆ ಅರ್ಥ ಆಗಬೇಕಾದ್ರೆ ಬೋಲ್ಟ್-ಆಕ್ಷನ್ ರೈಫಲ್ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ನಿಮಿಷ ನೋಡೋಣ. ಕಷ್ಟ ಏನಿಲ್ಲ. ನಿಮ್ಮ ಮನೆ ಬಾತ್‌ರೂಮ್ ಬಾಗಿಲಿನ ಬೋಲ್ಟ್ ನೆನಪಿಸಿಕೊಳ್ಳಿ. ಹಿಡಿಯನ್ನ ಮೇಲೆತ್ತಿ ಹಿಂದಕ್ಕೆ ಎಳೆದ್ರೆ ತೆಗೀತು. ಮುಂದಕ್ಕೆ ತಳ್ಳಿ ಕೆಳಗೆ ಇಳಿಸಿದ್ರೆ ಬಿಗಿಯಾಯ್ತು. ರೈಫಲ್‌ನ ನಳಿಗೆಯ ಹಿಂಬಾಗಿಲಿಗೂ ಇಂಥದ್ದೇ ಒಂದು ಉಕ್ಕಿನ ಬೋಲ್ಟ್. ಹೆಸರೂ ಅದೇ.

ಇನ್ನು ತೋಟಾ, ಅಂದ್ರೆ ಕಾಟ್ರಿಡ್ಜ್. ಹಿತ್ತಾಳೆಯ ಒಂದು ಕೊಳವೆ. ಅದರ ಬಾಯಲ್ಲಿ ಗುಂಡು, ಹೊಟ್ಟೆಯಲ್ಲಿ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪು. ಈ ತೋಟಾ ಕೂತುಕೊಳ್ಳುವ ಗೂಡಿಗೆ ಚೇಂಬರ್ ಅಂತಾರೆ. ಕುದುರೆ ಎಳೆದ ಕೂಡಲೇ ಒಳಗಿನ ಮದ್ದು ಉರಿದು ಅನಿಲ ಆಗುತ್ತೆ. ಪೆಟ್ರೋಲ್ ಬಂಕ್‌ನಲ್ಲಿ ಕಾರಿನ ಟೈರಿಗೆ ಚದರ ಇಂಚಿಗೆ 32 ಪೌಂಡ್ ಗಾಳಿ ಹಾಕಿಸ್ತೀವಲ್ಲ, ಚೇಂಬರ್ ಒಳಗಿನ ಒತ್ತಡ ಆ ಕ್ಷಣದಲ್ಲಿ 40,000 ಪೌಂಡ್ ದಾಟುತ್ತೆ. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರ್‌ನ ಗೋಡೆಗೆ ಅಂಟಿಕೊಳ್ಳುತ್ತೆ. ಅಂಟಿಕೊಳ್ಳಲೇಬೇಕು, ಇಲ್ಲಾಂದ್ರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಹಾರಿಸಿದವನ ಮುಖಕ್ಕೇ ಬಡಿಯುತ್ತೆ. ಗುಂಡು ನಳಿಗೆ ಬಿಟ್ಟು ಹೋದ ಮೇಲೆ ಒತ್ತಡ ಇಳಿಯುತ್ತೆ, ಹಿತ್ತಾಳೆ ಸ್ವಲ್ಪ ಕುಗ್ಗಿ ಗೋಡೆ ಬಿಡುತ್ತೆ. ತೋಟಾಗೆ ಹಿತ್ತಾಳೆಯೇ ಯಾಕೆ ಅಂದ್ರೆ ಇದಕ್ಕೇ. ಉಬ್ಬೋಕೂ ಗೊತ್ತು, ವಾಪಸ್ ಕುಗ್ಗೋಕೂ ಗೊತ್ತು.

ಆಮೇಲಿನದ್ದು ಎರಡು ಹಂತ. ಮೊದಲನೆಯದು ಹೊರಗೆಳೆಯೋದು. ಬೋಲ್ಟ್‌ನ ಮೂತಿಯಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತೆ. ತೋಟಾದ ಬುಡದ ಅಂಚನ್ನ ಅದು ಕಚ್ಚಿ ಹಿಡಿದು, ಬೋಲ್ಟ್ ಜೊತೆ ಹಿಂದಕ್ಕೆ ತರುತ್ತೆ. ಎರಡನೆಯದು ಆಚೆ ಎಸೆಯೋದು. ಹಿಂದಕ್ಕೆ ಬಂದ ಖಾಲಿ ತೋಟಾ ಒಂದು ಮೊಟಕು ಲೋಹದ ತುಂಡಿಗೆ ಬಡಿದು ಪಕ್ಕಕ್ಕೆ ಚಿಮ್ಮುತ್ತೆ. ಸಿನಿಮಾದಲ್ಲಿ ಸ್ಲೋ ಮೋಷನ್‌ನಲ್ಲಿ ಟಿಣ್ ಅಂತ ಬೀಳುತ್ತಲ್ಲ, ಅದೇ. ಎರಡರಲ್ಲಿ ಒಂದು ಕೆಟ್ಟರೂ ಮುಂದಿನ ತೋಟಾಗೆ ಜಾಗ ಇಲ್ಲ. ಆಗ ಕೈಯಲ್ಲಿರೋದು ರೈಫಲ್ ಅಲ್ಲ, ನಾಲ್ಕೂವರೆ ಕೆಜಿಯ ದೊಣ್ಣೆ.

ಇಲ್ಲಿ ಮುಖ್ಯವಾದ ಇನ್ನೊಂದು ಮಾತು. ಹಿತ್ತಾಳೆ ಪ್ರತಿಸಲ ಸಲೀಸಾಗಿ ಗೋಡೆ ಬಿಡಲ್ಲ. ಚೇಂಬರ್ ಬಿಸಿಯಾಗಿದ್ರೆ, ಮಣ್ಣು ಸೇರಿದ್ರೆ, ತೋಟಾ ಒಂಚೂರು ದಪ್ಪ ಇದ್ರೆ, ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟದ ಹಾಗೆ ಬಿಗಿದುಕೊಳ್ಳುತ್ತೆ. ಆ ಮೊದಲ ಬಿಗಿ ಬಿಡಿಸೋದೇ ಕಷ್ಟ. ಗೋಡೆಯಲ್ಲಿರೋ ಮೊಳೆಯನ್ನ ಬೆರಳಲ್ಲಿ ಎಳೆದ್ರೆ ಬರಲ್ಲ. ಸುತ್ತಿಗೆಯ ಸೀಳಿಗೆ ಸಿಕ್ಕಿಸಿ ಮೀಟಿದ್ರೆ ಬರುತ್ತೆ. ಜರ್ಮನಿಯ ಮೌಸರ್ ಆಗಲಿ, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಆಗಲಿ, ಹಿಡಿಯನ್ನ ಮೇಲೆತ್ತುವಾಗಲೇ ಒಳಗಿನ ಒಂದು ಇಳಿಜಾರು ಈ ಮೀಟುವ ಕೆಲಸ ಮಾಡಿಬಿಡ್ತಿತ್ತು. ಸೈನಿಕನಿಗೆ ಗೊತ್ತೂ ಆಗದ ಹಾಗೆ ತೋಟಾ ಕೂದಲೆಳೆಯಷ್ಟು ಹಿಂದಕ್ಕೆ ಸರಿದಿರೋದು. ಆಮೇಲೆ ಎಳೆಯೋದು ಸುಲಭ. ಈ ಮೀಟುಗೋಲಿನ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಸುಡಾನ್ ಮೊದಲೇ ಎಚ್ಚರಿಸಿತ್ತು

ತೋಟಾ ಸಿಕ್ಕಿಕೊಳ್ಳೋದು 1915ರಲ್ಲಿ ಹೊಸ ವಿಷಯ ಆಗಿರಲಿಲ್ಲ. ಮೂವತ್ತು ವರ್ಷ ಹಿಂದೆ, 1885ರ ಜನವರಿ 17ರಂದು ಸುಡಾನ್‌ನ ಅಬು ಕ್ಲಿಯಾದಲ್ಲಿ ಬ್ರಿಟಿಷ್ ತುಕಡಿಗೆ ಇದೇ ಅನುಭವ ಆಗಿತ್ತು. ಅವರ ಕೈಯಲ್ಲಿದ್ದದ್ದು ಮಾರ್ಟಿನಿ-ಹೆನ್ರಿ ರೈಫಲ್. ಆಗಿನ ತೋಟಾ ಗಟ್ಟಿ ಹಿತ್ತಾಳೆಯದ್ದಲ್ಲ, ತೆಳು ಹಿತ್ತಾಳೆ ತಗಡನ್ನ ಸುತ್ತಿ ಮಾಡಿದ್ದು. ಮರುಭೂಮಿಯ ಶಾಖ, ಮರಳು, ಬಿಸಿಯಾದ ನಳಿಗೆ. ಕೊಕ್ಕೆ ಎಳೆದ್ರೆ ಬುಡ ಕಿತ್ತು ಬರೋದು, ಉಳಿದ ತಗಡು ಒಳಗೇ ಕೂರೋದು. ಎದುರಾಳಿಗಳು ಈಟಿ ಹಿಡಿದು ನುಗ್ಗಿ ಬರುವಾಗ ಸೈನಿಕರು ರೈಫಲ್ ಜೊತೆ ಗುದ್ದಾಡ್ತಿದ್ರು.

ಆ ಪಾಠದಿಂದ ಬ್ರಿಟನ್ ತೋಟಾ ಬದಲಾಯಿಸ್ತು. ಒಂದೇ ಹಿತ್ತಾಳೆ ಬಿಲ್ಲೆಯಿಂದ ಎಳೆದು ಮಾಡಿದ ಗಟ್ಟಿ ಕೊಳವೆ ಬಳಕೆಗೆ ಬಂತು. ಮುಂದೆ ಬಂದ .303 ತೋಟಾ ಕೂಡ ಇದೇ ಜಾತಿಯದ್ದು. ನಮ್ಮೂರಲ್ಲಿ ಗಣೇಶನ ಮೆರವಣಿಗೆ ಬಂದೋಬಸ್ತಿಗೋ ಚುನಾವಣಾ ಬೂತಿಗೋ ಬರ್ತಿದ್ದ ಪೊಲೀಸರ ಹೆಗಲಲ್ಲಿ ಮರದ ಹಿಡಿಕೆಯ ಉದ್ದ ರೈಫಲ್ ನೋಡಿರ್ತೀರಿ. ಅಪ್ಪ, ಅಜ್ಜ ಅದನ್ನ 'ತ್ರೀ ನಾಟ್ ತ್ರೀ' ಅಂತಿದ್ರು. ಅದು ಲೀ-ಎನ್‌ಫೀಲ್ಡ್, ಆ ಹೆಸರು ಬಂದಿದ್ದು ಈ .303 ತೋಟಾದಿಂದ. ರಾಸ್ ರೈಫಲ್‌ಗೆ ಹಾಕ್ತಿದ್ದದ್ದೂ ಇದೇ ತೋಟಾ. ಒಂದೇ ತೋಟಾ, ಎರಡು ರೈಫಲ್. ಒಂದರಲ್ಲಿ ನಡೀತು, ಇನ್ನೊಂದರಲ್ಲಿ ಸಿಕ್ಕಿಕೊಳ್ತು.

'ನಮ್ಮದೇ ರೈಫಲ್ ಬೇಕು'

ಈಗ ಕೆನಡಾಗೆ ಬರೋಣ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಕೆನಡಾ ಸೈನಿಕರನ್ನ ಕಳಿಸಿತ್ತು. ಅವರಿಗೆ ಲೀ-ಎನ್‌ಫೀಲ್ಡ್ ಬೇಕಿತ್ತು. ಬ್ರಿಟನ್‌ಗೆ ತನ್ನ ಸೇನೆಗೇ ಸಾಲದು. ಕೆನಡಾದಲ್ಲೇ ಕಾರ್ಖಾನೆ ಹಾಕಿ ಅಂದ್ರೆ ಬ್ರಿಟಿಷ್ ತಯಾರಕರು ಮುಂದೆ ಬರಲಿಲ್ಲ. ಕೆನಡಾದವರಿಗೆ ಇದು ಚುಚ್ಚಿತು. ರಕ್ತ ಕೊಡೋಕೆ ನಾವು ಬೇಕು, ರೈಫಲ್ ಕೇಳಿದ್ರೆ ಸರದಿಯಲ್ಲಿ ನಿಲ್ಲಬೇಕಾ? ನ್ಯಾಯವಾದ ಸಿಟ್ಟೇ.

ಅದೇ ಹೊತ್ತಿಗೆ ಬಂದವರು ಸರ್ ಚಾರ್ಲ್ಸ್ ರಾಸ್. ಸ್ಕಾಟ್ಲೆಂಡಿನ ದೊಡ್ಡ ಜಮೀನ್ದಾರ ಮನೆತನ, ಬೇಟೆಗಾರ, ಜೊತೆಗೆ ಬಂದೂಕು ವಿನ್ಯಾಸದ ಹುಚ್ಚು. 1890ರ ದಶಕದಲ್ಲೇ ತಮ್ಮದೊಂದು ವಿನ್ಯಾಸಕ್ಕೆ ಪೇಟೆಂಟ್ ತಗೊಂಡಿದ್ರು. ನನ್ನ ಖರ್ಚಲ್ಲೇ ಕೆನಡಾದಲ್ಲಿ ಕಾರ್ಖಾನೆ ಹಾಕ್ತೀನಿ ಅಂದ್ರು. ಸರ್ಕಾರ 12,000 ರೈಫಲ್‌ಗಳ ಒಪ್ಪಂದ ಮಾಡಿಕೊಳ್ತು. ಕ್ವಿಬೆಕ್ ನಗರದಲ್ಲಿ, 1759ರಲ್ಲಿ ಬ್ರಿಟಿಷರು ಮತ್ತು ಫ್ರೆಂಚರು ಕಾದಾಡಿದ ಅಬ್ರಹಾಂ ಬಯಲಿನಲ್ಲೇ ಕಾರ್ಖಾನೆ ಎದ್ದಿತು.

ರಾಸ್ ವಿನ್ಯಾಸದ ವಿಶೇಷ ಏನು? ಬಾತ್‌ರೂಮ್ ಬೋಲ್ಟ್ ಹಾಗೆ ಎತ್ತೋದು, ಎಳೆಯೋದು, ತಳ್ಳೋದು, ಇಳಿಸೋದು ಅನ್ನೋ ನಾಲ್ಕು ಚಲನೆ ಇಲ್ಲ. ನೇರ ಹಿಂದಕ್ಕೆ ಎಳಿ, ನೇರ ಮುಂದಕ್ಕೆ ತಳ್ಳು, ಮುಗೀತು. ಎಳೆದಾಗ ಒಳಗಿನ ಸ್ಕ್ರೂ ಥ್ರೆಡ್ಡಿನಂಥ ಏರ್ಪಾಡು ಬೋಲ್ಟ್‌ನ ತಲೆಯನ್ನ ತಾನೇ ತಿರುಗಿಸಿ ಬಿಡಿಸ್ತಿತ್ತು. ವೇಗ ಜಾಸ್ತಿ. ಆದರೆ ಆ ಮೀಟುಗೋಲು ನೆನಪಿದೆಯಾ? ಇಲ್ಲಿ ಅದರ ಬಲ ತೀರಾ ಕಡಿಮೆ. ತೋಟಾ ಬಿಗಿದುಕೊಂಡರೆ ಅದನ್ನ ಬಿಡಿಸೋದು ಹೆಚ್ಚುಕಡಿಮೆ ಸೈನಿಕನ ತೋಳಿನ ಬಲವೊಂದೇ. ಬೆರಳಲ್ಲಿ ಮೊಳೆ ಕಿತ್ತ ಹಾಗೆ.

ತೊಂದರೆಯ ಸುಳಿವು ಬೇಗನೇ ಸಿಕ್ಕಿತು. 1905ರಲ್ಲಿ ಮೊದಲ 1,000 ರೈಫಲ್‌ಗಳು ಕೆನಡಾದ ಕುದುರೆ ಪೊಲೀಸ್ ಪಡೆಗೆ ಹೋದವು. ಪರೀಕ್ಷಿಸುವಾಗ ಒಬ್ಬ ಅಧಿಕಾರಿ ಕಣ್ಣು ಕಳಕೊಂಡರು. 1906ರಲ್ಲಿ ಪೊಲೀಸರು ಆ ರೈಫಲ್ ಬಳಕೆ ನಿಲ್ಲಿಸಿದರು. ಕಾರ್ಖಾನೆಯಲ್ಲಿ ತಿದ್ದುಪಡಿ ಮೇಲೆ ತಿದ್ದುಪಡಿ ಆಗುತ್ತಾ, ಮಾರ್ಕ್ 1, ಮಾರ್ಕ್ 2, ಮಾರ್ಕ್ 3 ಬಂದವು.

ಇನ್ನೊಂದು ಕಡೆ ಹೊಗಳಿಕೆ. ಇಂಗ್ಲೆಂಡಿನ ಬಿಸ್ಲಿಯಲ್ಲಿ ನಡೆಯುವ ಗುರಿ ಸ್ಪರ್ಧೆ ಆ ಕಾಲದ ದೊಡ್ಡ ಪಂದ್ಯ. ಅಲ್ಲಿ ರಾಸ್ ರೈಫಲ್ ಹಿಡಿದ ಕೆನಡಾದವರು ಹೆಸರು ಮಾಡಿದರು. 1911ರ ಕಿಂಗ್ಸ್ ಪ್ರೈಜ್ ಕೆನಡಾದ ಸೈನಿಕನೊಬ್ಬನ ಪಾಲಾಯ್ತು. ನೋಡಿ, ನಮ್ಮ ರೈಫಲ್ ಜಗತ್ತಿಗೇ ಉತ್ತಮ ಅಂತ ದೇಶ ಬೀಗಿತು. ಹಾಗೆ ಬೀಗಿದವರಲ್ಲಿ ಮುಂದಿದ್ದವರು ಸ್ಯಾಮ್ ಹ್ಯೂಸ್. ಸಂಸದರಾಗಿದ್ದ ಕಾಲದಿಂದಲೂ ಈ ರೈಫಲ್ ಪರ ವಕಾಲತ್ತು ಮಾಡಿದವರು, 1911ರಲ್ಲಿ ಸೇನಾ ಖಾತೆಯ ಸಚಿವರೇ ಆದರು.

ಆದರೆ ಗುರಿ ಸ್ಪರ್ಧೆ ಅಂದ್ರೆ ಏನು? ಒಣ ನೆಲ, ಆರಿಸಿ ತಂದ ತೋಟಾ, ಒರೆಸಿ ಎಣ್ಣೆ ಹಚ್ಚಿದ ರೈಫಲ್, ಗುಂಡಿಗೂ ಗುಂಡಿಗೂ ನಡುವೆ ಬೇಕಾದಷ್ಟು ಸಮಯ. ಅಲ್ಲಿ ಸಿಗೋ ಪದಕಕ್ಕೂ ಕೆಸರಿನ ಕಂದಕಕ್ಕೂ ಸಂಬಂಧ ಇಲ್ಲ.

ಈಪ್ರ್: ಹಸಿರು ಮೋಡ

1914ರ ಅಕ್ಟೋಬರ್‌ನಲ್ಲಿ ಕೆನಡಾದ ಮೊದಲ ಪಡೆ, 30,000ಕ್ಕೂ ಹೆಚ್ಚು ಮಂದಿ, ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಕೈಯಲ್ಲಿ ರಾಸ್ ಮಾರ್ಕ್ 3. ಉದ್ದ 50 ಇಂಚಿಗೂ ಸ್ವಲ್ಪ ಹೆಚ್ಚು. ಲೀ-ಎನ್‌ಫೀಲ್ಡ್‌ಗಿಂತ ಸುಮಾರು ಅರ್ಧ ಅಡಿ ಉದ್ದ. ಇಕ್ಕಟ್ಟಿನ ಕಂದಕದಲ್ಲಿ ತಿರುಗಿಸೋದೇ ಕಷ್ಟ. ಬಯನೆಟ್ ಸಿಕ್ಕಿಸಿ ಗುಂಡು ಹಾರಿಸಿದ್ರೆ ಬಯನೆಟ್ ಕಳಚಿ ಬೀಳ್ತಿತ್ತು ಅಂತ ದೂರು ಬೇರೆ.

1915ರ ಏಪ್ರಿಲ್ 22ರ ಸಂಜೆ ಈಪ್ರ್ ಬಳಿ ಜರ್ಮನ್ನರು ಮೊದಲ ಬಾರಿ ಭಾರೀ ಪ್ರಮಾಣದಲ್ಲಿ ಕ್ಲೋರಿನ್ ಬಿಟ್ಟರು. 5,000ಕ್ಕೂ ಹೆಚ್ಚು ಸಿಲಿಂಡರ್, ಸುಮಾರು 160 ಟನ್ ಅನಿಲ. ಫ್ರೆಂಚ್ ಸೇನೆ ಕಾಯ್ತಿದ್ದ ಸಾಲು ಒಡೆದುಹೋಯ್ತು. ಅಲ್ಲಿ ಬಿದ್ದ ಕಿಂಡಿ ಮುಚ್ಚೋಕೆ ಓಡಿದವರು ಪಕ್ಕದಲ್ಲಿದ್ದ ಕೆನಡಾದವರು. 24ರ ಬೆಳಗ್ಗೆ ಅನಿಲ ನೇರವಾಗಿ ಅವರ ಮೇಲೆಯೇ ಬಂತು. ಸೇಂಟ್ ಜೂಲಿಯನ್ ಹಳ್ಳಿಯ ಸುತ್ತ ದಿನವಿಡೀ ಕಾಳಗ.

ಆಗ ಬೇಕಾಗಿದ್ದದ್ದು ಒಂದೇ, ಎಡೆಬಿಡದ ಗುಂಡು. ತರಬೇತಾದ ಬ್ರಿಟಿಷ್ ಸೈನಿಕ ಲೀ-ಎನ್‌ಫೀಲ್ಡ್‌ನಲ್ಲಿ ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹಾರಿಸ್ತಿದ್ದ. ರಾಸ್ ಇದ್ದವನು ಬೂಟಲ್ಲಿ ಬೋಲ್ಟ್ ಒದೀತಾ ಕೂತ. ಪಕ್ಕದಲ್ಲಿ ಸತ್ತ ಬ್ರಿಟಿಷ್ ಸೈನಿಕನ ಲೀ-ಎನ್‌ಫೀಲ್ಡ್ ಕಂಡರೆ ತಮ್ಮದನ್ನ ಬಿಸಾಕಿ ಅದನ್ನ ಎತ್ತಿಕೊಂಡರು. ಕೆಲವೇ ದಿನಗಳಲ್ಲಿ ಕೆನಡಾ ಡಿವಿಷನ್‌ನಲ್ಲಿ ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು ಸೇರಿ ಸುಮಾರು 6,000. ಆ ಸಾವುಗಳೆಲ್ಲ ರೈಫಲ್‌ನಿಂದಲೇ ಆದವು ಅಂತ ಹೇಳೋಕಾಗಲ್ಲ. ಅನಿಲ ಇತ್ತು, ಫಿರಂಗಿ ಇತ್ತು. ಆದರೆ ಕಾಳಗ ಮುಗಿದ ಮೇಲೆ ಎಣಿಸಿದಾಗ, ಉಳಿದ ಸುಮಾರು 5,000 ಪದಾತಿಗಳಲ್ಲಿ 1,452 ಮಂದಿಯ ಕೈಯಲ್ಲಿ ರಾಸ್ ಇರಲಿಲ್ಲ, ಲೀ-ಎನ್‌ಫೀಲ್ಡ್ ಇತ್ತು. ಯಾವ ಸಮೀಕ್ಷೆಯೂ ಬೇಡ, ಸೈನಿಕರ ಅಭಿಪ್ರಾಯ ಆ ಒಂದು ಅಂಕಿಯಲ್ಲೇ ಇದೆ.

ಅಂದಹಾಗೆ, ಇದೇ ಕಾಳಗಕ್ಕೆ ಏಪ್ರಿಲ್ 26ರಂದು ನಮ್ಮ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಕೂಡ ಬಂದು ಸೇರಿತು. ಅವತ್ತಿನ ಸಾಹಸಕ್ಕೆ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನಮ್ಮವರ ಕೈಯಲ್ಲಿದ್ದದ್ದು ಲೀ-ಎನ್‌ಫೀಲ್ಡ್.

ಯಾಕೆ ಸಿಕ್ಕಿಕೊಳ್ತು?

ಈಗ ಮುಖ್ಯ ಪ್ರಶ್ನೆ. ಕಾರಣ ಒಂದಲ್ಲ, ನಾಲ್ಕೈದು. ಒಂದರ ಮೇಲೊಂದು ಸೇರಿಕೊಂಡವು.

ಮೊದಲನೆಯದು ಅಳತೆ. ರಾಸ್‌ನ ಚೇಂಬರ್ ಬಿಗಿ. ಗುರಿ ನಿಖರವಾಗಿರಲಿ ಅಂತ ಹಾಗೆ ಕೊರೆದಿದ್ರು. ಯುದ್ಧಕಾಲದಲ್ಲಿ ಬ್ರಿಟನ್ನಿನ ಹಲವಾರು ಕಾರ್ಖಾನೆಗಳು ರಾತ್ರಿ ಹಗಲು ತೋಟಾ ಮಾಡ್ತಿದ್ವು. ಎಲ್ಲದರ ಅಳತೆ ಒಂದೇ ಥರ ಇರ್ತಿರಲಿಲ್ಲ. ಒಂಚೂರು ದಪ್ಪ ಆದರೂ ಲೀ-ಎನ್‌ಫೀಲ್ಡ್‌ನ ಸಡಿಲ ಚೇಂಬರ್ ನುಂಗಿಕೊಳ್ತಿತ್ತು. ರಾಸ್ ನುಂಗ್ತಿರಲಿಲ್ಲ. ಎಷ್ಟು ವ್ಯತ್ಯಾಸ ಅಂತೀರಾ? ಇಂಚಿನ ಸಾವಿರದಲ್ಲಿ ಒಂದೆರಡು ಪಾಲು. ತಲೆಗೂದಲಿನ ದಪ್ಪದ ಲೆಕ್ಕ.

ಎರಡನೆಯದು ಬಿಸಿ. ನಿಧಾನಕ್ಕೆ ಹತ್ತು ಗುಂಡು ಹಾರಿಸಿದಾಗ ಕಾಣದ ತೊಂದರೆ, ಒಂದೇ ಸಮನೆ ಐವತ್ತು ಹಾರಿಸಿದಾಗ ಕಾಣುತ್ತೆ. ಮೂರನೆಯದು ಕೆಸರು. ಬೋಲ್ಟ್‌ನ ಆ ಥ್ರೆಡ್ಡುಗಳ ಸಂದಿಯಲ್ಲಿ ಫ್ಲಾಂಡರ್ಸ್‌ನ ಜೇಡಿಮಣ್ಣು ಸೇರಿದ್ರೆ ನೇರ ಎಳೆತಕ್ಕೆ ತಲೆ ತಿರುಗೋದೇ ಇಲ್ಲ. ನಾಲ್ಕನೆಯದು ಆಗಲೇ ಹೇಳಿದ್ದು, ಮೀಟುಬಲದ ಕೊರತೆ.

ಐದನೆಯದು ಎಲ್ಲಕ್ಕಿಂತ ಕುತೂಹಲದ್ದು, ಪತ್ತೆಯಾಗೋಕೂ ತಡ ಆಗಿದ್ದು. ಬೋಲ್ಟ್ ಹಿಂದಕ್ಕೆ ಬಂದಾಗ ಅದು ರೈಫಲ್‌ನಿಂದ ಪೂರ್ತಿ ಕಳಚಿಕೊಳ್ಳದ ಹಾಗೆ ತಡೆಯೋಕೆ ಒಂದು ಸಣ್ಣ ತಡೆಗಟ್ಟೆ ಇತ್ತು. ಬೋಲ್ಟ್‌ನ ತಲೆಯ ಹಿಂಬದಿಯ ಥ್ರೆಡ್ಡಿನ ಮೂಲೆ ಪ್ರತಿಸಲ ಅದಕ್ಕೆ ಹೋಗಿ ಬಡೀತಿತ್ತು. ಬಡಿಯುವ ಜಾಗ ಚಿಕ್ಕದು, ಕೆಲವು ಬೋಲ್ಟ್‌ಗಳ ಉಕ್ಕು ಮೆದು. ಬಡಿದೂ ಬಡಿದೂ ಆ ಮೂಲೆ ಜಜ್ಜಿಹೋಗ್ತಿತ್ತು. ಜಜ್ಜಿದ ಥ್ರೆಡ್ಡು ತನ್ನ ಜಾಗಕ್ಕೆ ಸರಿಯಾಗಿ ಕೂರಲ್ಲ, ಕೂತರೆ ಬಿಡಲ್ಲ. ಈಗ ಯೋಚನೆ ಮಾಡಿ. ತೋಟಾ ಸಿಕ್ಕಿಕೊಂಡಿದೆ ಅಂತ ಸೈನಿಕ ಬೋಲ್ಟ್‌ಗೆ ಒದೀತಾನೆ. ಒದ್ದಾಗ ಅದು ರಭಸದಿಂದ ಹಿಂದೆ ಹೋಗಿ ತಡೆಗಟ್ಟೆಗೆ ಇನ್ನೂ ಜೋರಾಗಿ ಬಡಿಯುತ್ತೆ. ಮೂಲೆ ಇನ್ನಷ್ಟು ಜಜ್ಜುತ್ತೆ. ಮುಂದಿನ ಸಲ ಇನ್ನೂ ಬಿಗಿ. ಇನ್ನೂ ಜೋರಾಗಿ ಒದೆಯಬೇಕು. ಅಂದ್ರೆ ಅವನು ಕಂಡುಕೊಂಡ ಪರಿಹಾರವೇ ರೋಗವನ್ನ ಹೆಚ್ಚಿಸ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಬಿಡಿಬಿಡಿಯಾಗಿ ನೋಡಿದ್ರೆ ಎಲ್ಲವೂ ಪಾಸ್. ರೈಫಲ್ ಬಿಸ್ಲಿಯಲ್ಲಿ ಪಾಸ್, ತೋಟಾ ಲೀ-ಎನ್‌ಫೀಲ್ಡ್‌ನಲ್ಲಿ ಪಾಸ್. ಎರಡೂ ಸೇರಿದ ಕಡೆ, ಕೆಸರಿನಲ್ಲಿ, ಹೆದರಿದ ಮನುಷ್ಯನ ಕೈಯಲ್ಲಿ ಫೇಲ್. ಆ ಮೂರನ್ನೂ ಒಟ್ಟಿಗೆ ಇಟ್ಟು ಮುಂಚೆಯೇ ಸರಿಯಾಗಿ ಪರೀಕ್ಷೆ ಮಾಡಿದ್ದಿದ್ರೆ ಕತೆ ಬೇರೆ ಇರ್ತಿತ್ತು.

ದೂರು ಹೇಳಿದವರ ಗತಿ

ತಾಂತ್ರಿಕ ತೊಂದರೆ ಯಾವ ಯಂತ್ರಕ್ಕೂ ಬರುತ್ತೆ. ಅದು ಬಂದ ಮೇಲೆ ದೊಡ್ಡವರು ಏನು ಮಾಡಿದರು ಅನ್ನೋದೇ ಈ ಕತೆಯ ಅಸಲಿ ಭಾಗ.

ಕೆನಡಾ ಡಿವಿಷನ್‌ನ ಮುಖ್ಯಸ್ಥರಾಗಿದ್ದವರು ಬ್ರಿಟಿಷ್ ಜನರಲ್ ಎಡ್ವಿನ್ ಆಲ್ಡರ್‌ಸನ್. ತಮ್ಮ ಸೈನಿಕರ ದೂರನ್ನ ಅವರು ಮೇಲಕ್ಕೆ ತಿಳಿಸಿದರು. 1915ರ ಜೂನ್‌ನಲ್ಲಿ ಬ್ರಿಟಿಷ್ ಸೇನಾಪತಿ ಸರ್ ಜಾನ್ ಫ್ರೆಂಚ್ ಆ ಮೊದಲ ಡಿವಿಷನ್‌ಗೆ ಲೀ-ಎನ್‌ಫೀಲ್ಡ್ ಕೊಡಿಸಿಬಿಟ್ಟರು. ಅಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ. ಆಮೇಲೆ ಬಂದ ಎರಡನೇ, ಮೂರನೇ ಡಿವಿಷನ್‌ಗಳ ಕೈಗೆ ಮತ್ತೆ ಅದೇ ರಾಸ್.

ಯಾಕೆ? ಒಟ್ಟಾವಾದಲ್ಲಿ ಸ್ಯಾಮ್ ಹ್ಯೂಸ್ ಒಪ್ಪಲಿಲ್ಲ. ರೈಫಲ್ ಸರಿ ಇದೆ, ತೋಟಾ ಕೆಟ್ಟದ್ದು ಅನ್ನೋದು ಅವರ ವಾದ. ಅರ್ಧ ನಿಜವೂ ಹೌದು, ತೋಟಾ ದಪ್ಪ ಇದ್ದದ್ದು ಸುಳ್ಳಲ್ಲ. ಆದರೆ ಕಂದಕದಲ್ಲಿರೋ ಹುಡುಗನಿಗೆ ತೋಟಾ ಆರಿಸಿಕೊಳ್ಳುವ ಅವಕಾಶ ಇದೆಯಾ? ಪೆಟ್ಟಿಗೆಯಲ್ಲಿ ಏನು ಬಂತೋ ಅದನ್ನೇ ಹಾಕಬೇಕು. ಅದನ್ನ ತಡೆಯಲಾರದ ರೈಫಲ್ ಅವನಿಗೆ ಬೇಡ.

ತಿದ್ದುಪಡಿಗಳೂ ನಡೆದವು. ಚೇಂಬರ್‌ಗಳನ್ನ ಕೂದಲೆಳೆಯಷ್ಟು ಹಿಗ್ಗಿಸಿದರು. ಬೋಲ್ಟ್‌ನ ಉಕ್ಕನ್ನ ಗಟ್ಟಿ ಮಾಡಿದರು. ತಡೆಗಟ್ಟೆಯನ್ನ ದೊಡ್ಡದು ಮಾಡಿದರು. ಅಂದ್ರೆ ಪರಿಹಾರ ಇತ್ತು, ದುಬಾರಿಯೂ ಅಲ್ಲ. ಆದರೆ ತಿದ್ದುಪಡಿ ಬರುವ ಹೊತ್ತಿಗೆ ನಂಬಿಕೆ ಹೋಗಿತ್ತು. ಸಾಯುವ ಹೊತ್ತಲ್ಲಿ ಒಮ್ಮೆ ಕೈಕೊಟ್ಟ ರೈಫಲ್ ಆಮೇಲೆ ಎಷ್ಟೇ ಸರಿಹೋದರೂ ಅದನ್ನ ತಬ್ಬಿಕೊಂಡು ಮಲಗೋಕೆ ಯಾರಿಗೆ ಮನಸ್ಸು ಬರುತ್ತೆ?

1916ರಲ್ಲಿ ಜಗಳ ಬೀದಿಗೆ ಬಂತು. ರೈಫಲ್ ಬಗ್ಗೆ ಆಲ್ಡರ್‌ಸನ್ ಬರೆದಿದ್ದ ಪತ್ರ ಕೆನಡಾದ ಪತ್ರಿಕೆಯೊಂದರಲ್ಲಿ ಪ್ರಕಟವಾಯ್ತು. ಮನೆಮನೆಯಲ್ಲಿ ಅದೇ ಮಾತು. ತಮ್ಮ ಮಕ್ಕಳ ಕೈಯಲ್ಲಿರೋದು ಎಂಥ ರೈಫಲ್ ಅಂತ ಅಪ್ಪ ಅಮ್ಮಂದಿರಿಗೆ ಪತ್ರಿಕೆ ಓದಿ ತಿಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಆಲ್ಡರ್‌ಸನ್ ಅವರನ್ನ ಕೆನಡಾ ಪಡೆಯ ಮುಖ್ಯಸ್ಥ ಸ್ಥಾನದಿಂದ ತೆಗೆದರು. ಸೇಂಟ್ ಎಲೊಯಿ ಎಂಬಲ್ಲಿ ಆದ ಸೋಲು ಒಂದು ಕಾರಣ, ಹ್ಯೂಸ್ ಜೊತೆಗಿನ ಜಗಳ ಇನ್ನೊಂದು. ದೂರು ಹೇಳಿದವರು ಹೋದರು, ದೂರಿಗೆ ಕಾರಣವಾದ ರೈಫಲ್ ಇನ್ನೂ ಉಳಿದಿತ್ತು.

ಆದರೆ ಹೆಚ್ಚು ದಿನ ಉಳಿಯಲಿಲ್ಲ. ಹೊಸ ಬ್ರಿಟಿಷ್ ಸೇನಾಪತಿ ಡಗ್ಲಸ್ ಹೇಗ್ ವಿಚಾರಣೆ ಮಾಡಿಸಿದರು. ಸೈನಿಕರಿಗೆ ಈ ರೈಫಲ್ ಮೇಲೆ ವಿಶ್ವಾಸ ಇಲ್ಲ ಅನ್ನೋದು ಸ್ಪಷ್ಟವಾಯ್ತು. 1916 ಮುಗಿಯೋದರೊಳಗೆ ಉಳಿದ ಡಿವಿಷನ್‌ಗಳಿಗೂ ಲೀ-ಎನ್‌ಫೀಲ್ಡ್ ಬಂತು. ನವೆಂಬರ್‌ನಲ್ಲಿ ಪ್ರಧಾನಿ ರಾಬರ್ಟ್ ಬೋರ್ಡನ್ ಹ್ಯೂಸ್ ಅವರಿಂದ ರಾಜೀನಾಮೆ ತಗೊಂಡರು. ಅದಕ್ಕೆ ಬೇರೆ ರಾಜಕೀಯ ಕಾರಣಗಳೂ ಇದ್ದವು, ಆದರೆ ರೈಫಲ್ ಅವರ ಬೆನ್ನು ಬಿಡಲಿಲ್ಲ. 1917ರಲ್ಲಿ ಕಾರ್ಖಾನೆಯನ್ನ ಸರ್ಕಾರ ವಶಕ್ಕೆ ತಗೊಂಡಿತು. ಆಮೇಲೆ ಸರ್ ಚಾರ್ಲ್ಸ್ ರಾಸ್‌ಗೆ 20 ಲಕ್ಷ ಡಾಲರ್ ಪರಿಹಾರವೂ ಸಿಕ್ಕಿತು. ಅಷ್ಟರೊಳಗೆ 4 ಲಕ್ಷಕ್ಕೂ ಹೆಚ್ಚು ರಾಸ್ ರೈಫಲ್‌ಗಳು ತಯಾರಾಗಿದ್ದವು.

ಅದೇ ರೈಫಲ್, ಬೇರೆ ಕೈ

ಹಾಗಾದ್ರೆ ರಾಸ್ ರೈಫಲ್ ಪೂರ್ತಿ ದಂಡವಾ? ಇಲ್ಲ, ಕತೆಯ ತಿರುವು ಇಲ್ಲಿದೆ. ಎಲ್ಲರೂ ಬಿಸಾಡಿದ ಮೇಲೂ ಕೆಲವರು ಅದನ್ನ ಬಿಡಲಿಲ್ಲ. ಅವರು ಸ್ನೈಪರ್‌ಗಳು. ಕೆನಡಾದ ಮೂಲನಿವಾಸಿ ಒಜಿಬ್ವೆ ಸಮುದಾಯದ ಫ್ರಾನ್ಸಿಸ್ ಪೆಗಮಗಬೋ ಹೆಸರು ಕೇಳಿರಬಹುದು. ಮೊದಲ ಮಹಾಯುದ್ಧದ ಅತಿ ಯಶಸ್ವಿ ಸ್ನೈಪರ್‌ಗಳಲ್ಲಿ ಒಬ್ಬರು, 378 ಮಂದಿಯನ್ನ ಹೊಡೆದ ಲೆಕ್ಕ ಅವರ ಹೆಸರಲ್ಲಿದೆ. ಅವರ ಕೈಯಲ್ಲಿದ್ದದ್ದು ರಾಸ್.

ಕಾರಣ ಸರಳ. ಸ್ನೈಪರ್ ನಿಮಿಷಕ್ಕೆ ಹದಿನೈದು ಗುಂಡು ಹಾರಿಸಲ್ಲ. ಗಂಟೆಗಟ್ಟಲೆ ಕಾದು ಒಂದು ಹಾರಿಸ್ತಾನೆ. ನಳಿಗೆ ಬಿಸಿಯಾಗಲ್ಲ. ರೈಫಲ್‌ಗೆ ಬಟ್ಟೆ ಸುತ್ತಿ ಮಗುವಿನ ಹಾಗೆ ಕಾಪಾಡ್ತಾನೆ. ತನ್ನ ತೋಟಾ ತಾನೇ ಆರಿಸ್ತಾನೆ. ಅಂದ್ರೆ ಯುದ್ಧಭೂಮಿಯೊಳಗೇ ಅವನು ಒಂದು ಪುಟ್ಟ ಬಿಸ್ಲಿ ಮಾಡಿಕೊಂಡಿದ್ದ. ರೈಫಲ್ ಕೆಟ್ಟದ್ದಲ್ಲ, ಕೊಟ್ಟ ಕೆಲಸ ಅದರದ್ದಲ್ಲ. ಪಂದ್ಯದ ಕುದುರೆಯನ್ನ ನೇಗಿಲಿಗೆ ಕಟ್ಟಿ, ಉಳಲಿಲ್ಲ ಅಂತ ಬೈದ ಹಾಗೆ.

ಐವತ್ತು ವರ್ಷದ ನಂತರ ಮತ್ತದೇ

ಈ ಪಾಠ ಎಲ್ಲರೂ ಕಲಿತರಾ? 1966-67ರ ವಿಯೆಟ್ನಾಂಗೆ ಹೋಗೋಣ. ಅಮೆರಿಕದ ಸೈನಿಕರಿಗೆ ಹೊಸ ಎಂ-16 ರೈಫಲ್. ಬೋಲ್ಟ್ ಕೈಯಲ್ಲಿ ಎಳೆಯೋದಲ್ಲ, ತಾನೇ ನಡೆಯೋದು. ಆದರೆ ತೊಂದರೆ ಅದೇ. ಖಾಲಿ ತೋಟಾ ಚೇಂಬರ್‌ನಲ್ಲೇ ಉಳೀತಿತ್ತು. ತೋಟಾದ ಮದ್ದನ್ನ ಮಧ್ಯದಲ್ಲಿ ಬದಲಾಯಿಸಿದ್ರು. ಚೇಂಬರ್‌ಗೆ ತುಕ್ಕು ತಡೆಯುವ ಕ್ರೋಮ್ ಲೇಪ ಇರಲಿಲ್ಲ. ಈ ರೈಫಲ್‌ಗೆ ಹೆಚ್ಚು ಸ್ವಚ್ಛತೆ ಬೇಕಿಲ್ಲ ಅನ್ನೋ ಮಾತು ಹರಡಿ, ಎಷ್ಟೋ ಜನಕ್ಕೆ ಒರೆಸುವ ಸಾಮಾನೂ ಸಿಕ್ಕಿರಲಿಲ್ಲ. ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ಖಾಲಿ ತೋಟಾವನ್ನ ಹಿಂದಕ್ಕೆ ದೂಡುತ್ತಾ ಸತ್ತ ಹುಡುಗರ ಸುದ್ದಿ ಮನೆಗಳಿಗೆ ತಲುಪಿತು.

ಅಲ್ಲೂ ಮೊದಲು ಬಂದ ಉತ್ತರ, ಸೈನಿಕರು ರೈಫಲ್ ಸರಿಯಾಗಿ ಒರೆಸ್ತಿಲ್ಲ ಅಂತ. ಹುಡುಗರು ಮನೆಗೆ ಬರೆದ ಪತ್ರಗಳು ಸಂಸದರ ಕೈ ಸೇರಿದವು. 1967ರಲ್ಲಿ ರಿಚರ್ಡ್ ಇಕಾರ್ಡ್ ನೇತೃತ್ವದ ಉಪಸಮಿತಿ ತನಿಖೆ ಮಾಡಿತು. ಗೊತ್ತಿದ್ದೂ ತೋಟಾದ ದೋಷ ಸರಿಪಡಿಸದ ಅಧಿಕಾರಿಗಳ ನಡೆ ಕ್ರಿಮಿನಲ್ ನಿರ್ಲಕ್ಷ್ಯದ ಅಂಚಿಗೆ ಬಂದಿದೆ ಅಂತ ಅದರ ವರದಿ ಹೇಳಿತು. ಆಮೇಲೆ ಚೇಂಬರ್‌ಗೆ ಕ್ರೋಮ್ ಬಂತು, ಒರೆಸುವ ಸಾಮಾನು ಬಂತು, ರೈಫಲ್ ಸರಿಹೋಯ್ತು.

ಕೊನೆಗೆ ಉಳಿಯೋದು

ತನ್ನದೇ ರೈಫಲ್ ಮಾಡಿಕೊಳ್ಳೋಕೆ ಕೆನಡಾ ಹೊರಟದ್ದು ತಪ್ಪಲ್ಲ. ಬೇರೆಯವರ ಹಂಗಿನಲ್ಲಿರಬಾರದು ಅನ್ನೋ ಆಸೆ ಯಾವ ದೇಶಕ್ಕೂ ಸಹಜ, ಸ್ವದೇಶಿ ಅನ್ನೋ ಮಾತಿನ ಬೆಲೆ ನಮಗೂ ಗೊತ್ತು. ಮೊದಲ ಪ್ರಯತ್ನದಲ್ಲಿ ದೋಷ ಇರೋದೂ ಸಹಜ. ಚೇಂಬರ್‌ನ ತಲೆಗೂದಲಿನಷ್ಟು ದೋಷವನ್ನ ಉಪಕರಣ ಹಿಡಿದು ಒಬ್ಬ ಮೆಕ್ಯಾನಿಕ್ ಸರಿಮಾಡಬಹುದಿತ್ತು, ಕೊನೆಗೆ ಸರಿಮಾಡಿದ್ದೂ ಹಾಗೆಯೇ. ಆದರೆ ನಮ್ಮದು ಅನ್ನೋ ಹೆಮ್ಮೆ ದೂರನ್ನ ಕೇಳಿಸಿಕೊಳ್ಳದಷ್ಟು ಬೆಳೆದಾಗ, ದೂರು ಹೇಳಿದವನೇ ದ್ರೋಹಿ ಥರ ಕಾಣೋಕೆ ಶುರುವಾಗ್ತಾನೆ. ಮೆಕ್ಯಾನಿಕ್ ಮಾಡಬೇಕಾದ ಕೆಲಸ ಆಗ ಒಂದೂವರೆ ವರ್ಷ ತಗೊಳ್ಳುತ್ತೆ. ಆ ಒಂದೂವರೆ ವರ್ಷದ ಬೆಲೆ ಕಟ್ಟಿದವರು ಒಟ್ಟಾವಾದ ಕಚೇರಿಯಲ್ಲಿ ಇರಲಿಲ್ಲ, ಕಂದಕದಲ್ಲಿದ್ದರು.

ಆ್ಯಪ್ ಆಗಲಿ, ಬಸ್ ಆಗಲಿ, ಆಸ್ಪತ್ರೆಯ ಯಂತ್ರ ಆಗಲಿ, ದಿನವೂ ಅದನ್ನ ಕೈಯಲ್ಲಿ ಹಿಡಿದವನು ಇದು ಸಿಕ್ಕಿಕೊಳ್ತಿದೆ ಅಂದಾಗ, ನಿನಗೆ ಬಳಸೋಕೆ ಬರಲ್ಲ ಅನ್ನೋ ಉತ್ತರ ಎಷ್ಟು ಸಲ ಕೇಳಿಲ್ಲ ನಾವು? ಈಪ್ರ್‌ನ ಆ 1,452 ಜನ ಅರ್ಜಿ ಬರೀಲಿಲ್ಲ, ಭಾಷಣ ಮಾಡಲಿಲ್ಲ. ಕೈಯಲ್ಲಿದ್ದದ್ದನ್ನ ಕೆಸರಿಗೆ ಎಸೆದು, ಕೆಲಸ ಮಾಡೋದನ್ನ ಎತ್ತಿಕೊಂಡರು.